ಎಲ್ಲಿಸ್ ಐಲ್ಯಾಂಡೋ, ಆರ್ಚರ್ಡ್ ಸ್ಟ್ರೀಟೋ?

ನ್ಯೂಯಾರ್ಕ್‌ನಲ್ಲಿ ವಲಸೆ ಬಂದವರ ಬದುಕು ನೋಡಬೇಕು, ಕೈಯಲ್ಲಿರೋದು ಅರ್ಧ ದಿನ. ಎಲ್ಲಿಗೆ ಹೋಗೋದು?

ಎಲ್ಲಿಸ್ ಐಲ್ಯಾಂಡ್ ಅಂದರೆ ಹಡಗಲ್ಲಿ ಬಂದ ವಲಸಿಗರನ್ನು ಹಿಂದೆ ತಪಾಸಣೆ ಮಾಡುತ್ತಿದ್ದ ದ್ವೀಪ. ಅಲ್ಲಿನ ಪಾಳುಬಿದ್ದ ಆಸ್ಪತ್ರೆಯಲ್ಲಿ ಫ್ರೆಂಚ್ ಕಲಾವಿದ ಜೆಆರ್ 2014ರಲ್ಲಿ ಹಳೇ ವಲಸಿಗರ ದೊಡ್ಡ ಫೋಟೋಗಳನ್ನು ಅಂಟಿಸಿದರು. ಬಣ್ಣ ಉದುರಿದ ಗೋಡೆಯಿಂದ ಆ ಮುಖಗಳು ನಮ್ಮನ್ನೇ ನೋಡುತ್ತವೆ. ದೋಣಿ ಹತ್ತಬೇಕು, ಹೆಲ್ಮೆಟ್ ಹಾಕಬೇಕು, ಗೈಡ್ ಜೊತೆಗೇ ಸುತ್ತಬೇಕು. ಕಾಗದ ಮಾಸುವಂಥದ್ದು, ಮುಂದೂಡಬೇಡಿ.

ಆರ್ಚರ್ಡ್ ಸ್ಟ್ರೀಟ್‌ನ ಟೆನೆಮೆಂಟ್ ಮ್ಯೂಸಿಯಂ ಬೇರೆ ಥರ. 1863ರ ಬಾಡಿಗೆ ಕಟ್ಟಡ, ಸುಮಾರು 7,000 ಜನ ಬಾಳಿದ ಜಾಗ. ಅಲ್ಲಿದ್ದ ಲೆವೀನ್ ಎಂಬ ವಲಸಿಗ ಕುಟುಂಬಕ್ಕೆ ಮನೆಯೇ ಬಟ್ಟೆ ಹೊಲಿಯುವ ಕಾರ್ಖಾನೆ. ಅಡುಗೆ ಒಲೆ ಮೇಲೇ ಇಸ್ತ್ರಿಪೆಟ್ಟಿಗೆ ಕಾಯಿಸುತ್ತಿದ್ದರು. ಆ ಇಕ್ಕಟ್ಟಲ್ಲಿ ನಿಂತರೆ ಎಷ್ಟೋ ಅರ್ಥವಾಗುತ್ತದೆ, ಅಲ್ವಾ?

ಮಕ್ಕಳಿದ್ದರೆ ಆರ್ಚರ್ಡ್ ಸ್ಟ್ರೀಟ್. ಸುಮ್ನೆ ಮೌನವಾಗಿ ನೋಡುತ್ತಾ ನಿಲ್ಲುವವರಿಗೆ ದ್ವೀಪವೇ ಸರಿ.