ತೋರಾ ಪಾಲಿನ ಒಗಟಿನ ಹಾಳೆ: ಚಿತ್ರಕ್ಕೆ ಪೂರ್ತಿ ಅಂಕ, ಉತ್ತರದ ಪುಟಕ್ಕೆ ಸೊನ್ನೆ

ಯೆಹೂದಿಗಳು ತೋರಾವನ್ನು, ಅಂದರೆ ಬೈಬಲಿನ ಮೊದಲ ಐದು ಕಾಂಡಗಳನ್ನು, ವಾರಕ್ಕೊಂದು ಪಾಲಿನಂತೆ ಓದುತ್ತಾರೆ; ಆ ಪಾಲಿನ ಮೇಲೆ ಮಕ್ಕಳಿಗಾಗಿ ವಾರವಾರ ಬರುವ ಒಗಟಿನ ಹಾಳೆ ಇದು. ಈ ಹಾಳೆಗೆ ಚಂದಾ ಕಟ್ಟುವುದಾದರೆ "ತಪ್ಪು ಹುಡುಕಿ" ಚಿತ್ರಕ್ಕಾಗಿ ಕಟ್ಟಿ. ಏಳು ಒಗಟುಗಳು ಪರವಾಗಿಲ್ಲ. ಚಿತ್ರಗಳನ್ನು ಜೋಡಿಸಿ ಹೆಸರು ಓದುವ ಆಟ ಹೊತ್ತು ಹೋಗುವುದಕ್ಕಷ್ಟೇ. ಉತ್ತರದ ಪುಟವನ್ನಂತೂ ಪರಿಶೀಲಿಸದೆ ಮೇಜಿಗೆ ತರಬೇಡಿ. ಒಂದು ಸಿಮ್ಖಾತ್ ತೋರಾ ಹಬ್ಬದಿಂದ (ಓದಿನ ಸುತ್ತು ಮುಗಿದು ಮತ್ತೆ ಶುರುವಾಗುವ ದಿನ) ಮುಂದಿನದರವರೆಗೆ, 54 ಪಾಲುಗಳ ಪೂರ್ತಿ ಸುತ್ತು ಬಳಸಿದ ಮೇಲೆ ಬರೆದ ವಿಮರ್ಶೆ ಇದು. ಮೊದಲ ಕೆಲವು ವಾರಗಳನ್ನು ನೋಡಿ ಅಂಕ ಕೊಟ್ಟವರ ಮಾತು ನಂಬಬೇಡಿ. ಆದಿಕಾಂಡದಲ್ಲಿ ನಾವೆ, ಏಣಿ, ಕನಸು, ಹಸು ಎಲ್ಲ ಇರುವುದರಿಂದ ಯಾರು ಬರೆದರೂ ಒಗಟು ಚೆನ್ನಾಗಿಯೇ ಬರುತ್ತದೆ.

ಪಿಡಿಎಫ್ ಬುಧವಾರ ರಾತ್ರಿ ಬರುತ್ತದೆ, ಗುರುವಾರವೇ ಮುದ್ರಿಸಿಬಿಡಿ. ಚಳಿಗಾಲದ ಶುಕ್ರವಾರ ಮಧ್ಯಾಹ್ನಕ್ಕೆ ಬಿಟ್ಟರೆ ಕೆಲಸ ಕೆಟ್ಟಿತು. ಜೆರುಸಲೇಮಿನಲ್ಲಿ ಶಬ್ಬಾತ್ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿ ದಿನ) ದೀಪ ಹಚ್ಚುವುದು ಸೂರ್ಯಾಸ್ತಕ್ಕೆ 40 ನಿಮಿಷ ಮೊದಲು, ಬೇರೆ ಬಹಳ ಕಡೆ 18 ನಿಮಿಷ ಮೊದಲು. ಆಮೇಲೆ ಪ್ರಿಂಟರ್, ಕತ್ತರಿ, ಪೆನ್ನು ಯಾವುದೂ ಇಲ್ಲ. ಹಾಗಾಗಿ ಬಿಟ್ಟ ಸ್ಥಳ ತುಂಬಿ, ಗೆರೆ ಎಳೆದು ಜೋಡಿಸಿ, ಬಣ್ಣ ಹಚ್ಚಿ ಮುಂತಾದವು ಶುಕ್ರವಾರ ರಾತ್ರಿಯ ಊಟಕ್ಕೆ ಉಪಯೋಗವಿಲ್ಲ, ಅವನ್ನು ವಾರದ ನಡುವಿನ ತರಗತಿಗೆ ಎತ್ತಿಡಿ. ಚಿತ್ರ ಒಗಟಿಗೆ ಬೆರಳೊಂದೇ ಸಾಕು. ತಪ್ಪು ಕಂಡ ಜಾಗದ ಮೇಲೆ ಒಣದ್ರಾಕ್ಷಿ ಇಡಿಸಿ. ಎಲ್ಲ ತಪ್ಪು ಸಿಕ್ಕ ಮೇಲೆ ದ್ರಾಕ್ಷಿ ತಿಂದರೆ ಹಾಳೆಯೂ ಸ್ವಚ್ಛ, ಮುಂದಿನ ವರ್ಷಕ್ಕೂ ಸಿದ್ಧ. ತೆಳು ಕಾಗದವಾದರೆ ಸೂಪು ಚೆಲ್ಲಿ ಮೊದಲ ವಾರವೇ ಹೋಗುತ್ತದೆ. 200 ಜಿಎಸ್ಎಂ ಕಾರ್ಡಿನ ಮೇಲೆ ತೆಗೆಯಿರಿ, ಇಲ್ಲವೇ ಲ್ಯಾಮಿನೇಶನ್ ಮಾಡಿಸಿ. ಜೊತೆಗೆ ಕೊಡುವ ಕತ್ತರಿಸಿ ಜೋಡಿಸುವ ಚಿತ್ರವನ್ನು ಮುಂಚೆಯೇ ಕತ್ತರಿಸಿಟ್ಟರೂ, ಶಬ್ಬಾತ್‌ನಲ್ಲಿ ತುಂಡು ಸಿಕ್ಕಿಸಿ ಜೋಡಿಸುವ ಬಗ್ಗೆ ರಬ್ಬಿಗಳಲ್ಲಿ (ಯೆಹೂದಿ ಧರ್ಮಗುರುಗಳಲ್ಲಿ) ಒಮ್ಮತವಿಲ್ಲ. ನಿಮ್ಮವರನ್ನು ಕೇಳಿಕೊಳ್ಳಿ.

ಒಗಟು ಹಂಚುವುದಕ್ಕೂ ಒಂದು ಕ್ರಮವಿದ್ದರೆ ಚೆಂದ. ಪಾಲನ್ನು ಶಬ್ಬಾತ್ ಬೆಳಿಗ್ಗೆ ಏಳು ಭಾಗ ಮಾಡಿ ಓದುತ್ತಾರೆ, ಹಾಳೆಯಲ್ಲೂ ಭಾಗಕ್ಕೊಂದರಂತೆ ಏಳು ಒಗಟು. ಮೀನಿಗೂ ಸೂಪಿಗೂ ನಡುವೆ ಮೂರು ಸಾಕು, ಉಳಿದದ್ದು ಮರುದಿನಕ್ಕಿರಲಿ. ಶಬ್ಬಾತ್ ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಮುಂದಿನ ವಾರದ ಪಾಲಿನ ಮೊದಲ ಭಾಗ ಓದುವುದರಿಂದ, ಹಿಂದಿನ ವರ್ಷದ ಪ್ರತಿ ಕೈಲಿದ್ದರೆ, ಮೂರನೇ ಊಟಕ್ಕೆ ಮುಂದಿನ ಪಾಲಿನ ಮೊದಲ ಒಗಟನ್ನು ಉತ್ತರ ಹೇಳದೆ ಬಿಟ್ಟುಬಿಡಿ. ಮಕ್ಕಳು ಸೋಮವಾರದ ಹೊತ್ತಿಗೆ ತಾವೇ ಉತ್ತರ ತರುತ್ತಾರೆ.

ಒಗಟುಗಳಲ್ಲಿ ಒಳ್ಳೆಯವೂ ಇವೆ. "ಒಂದೇ ಸಲ ಸೂರ್ಯನನ್ನು ಕಂಡ ನೆಲ ಯಾವುದು?" ಕೆಂಪು ಸಮುದ್ರದ ತಳ, ಸಮುದ್ರ ಇಬ್ಭಾಗವಾದ ಕಥೆಯಿರುವ ಬೆಶಲಾಖ್ ಪಾಲಿಗೆ ಸರಿಯಾಗಿ ಕೂರುತ್ತದೆ. ಶೇಬದ ರಾಣಿ ಸೊಲೊಮೋನನಿಗೆ ಒಡ್ಡಿದಳೆಂದು ಮಿದ್ರಾಶ್ (ವಚನಗಳ ಸುತ್ತ ರಬ್ಬಿಗಳು ಕಟ್ಟಿದ ಕಥೆ-ವಿವರಣೆ) ಹೇಳುವ ಒಗಟುಗಳಲ್ಲಿ ಇದೂ ಒಂದು. (ಅದೇ ಸಾಲಿನ ಲೋಟನ ಹೆಣ್ಣುಮಕ್ಕಳ ಒಗಟನ್ನು ಹಾಳೆಯವರು ಬಿಟ್ಟಿದ್ದಾರೆ, ಒಳ್ಳೆಯದಾಯಿತು.) "ಮೋಶೆ ಹುಟ್ಟಿದ ಮೇಲೂ ವಿಮೋಚನಕಾಂಡದಲ್ಲಿ ಅವನ ಹೆಸರೇ ಬಾರದ ಪಾಲು?" ತೆತ್ಸಾವೆ. ಹೀಬ್ರೂ ಅಕ್ಷರದ ಬೆಲೆ ಕೂಡಿಸುವ ಗಿಮಟ್ರಿಯಾ ಒಗಟುಗಳನ್ನು ಹತ್ತು ವರ್ಷ ದಾಟಿದವರಿಗೆ ಕೊಡಿ. ಅಬ್ರಾಮನ 318 ಆಳುಗಳ ಲೆಕ್ಕ ಅವನ ಸೇವಕ ಎಲಿಯೇಜರನ ಹೆಸರಿಗೆ ಸರಿಹೋಗುತ್ತದೆ: 1, 30, 10, 70, 7, 200. ಯಾಕೋಬನ ಏಣಿಯ ಹೀಬ್ರೂ ಪದವೂ ಸೀನಾಯಿ ಬೆಟ್ಟದ ಹೆಸರೂ 130. ಕಾಗದವಿಲ್ಲದೆ ಬಾಯಲ್ಲೇ ಕೂಡಿಸಬೇಕಾದ್ದರಿಂದ ಇದಕ್ಕಿಂತ ಉದ್ದದ ಲೆಕ್ಕ ಮೇಜಿನಲ್ಲಿ ನಿಲ್ಲುವುದಿಲ್ಲ.

ಹೆಸರು ಓದುವ ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರಗಳ ಹೆಸರನ್ನು ಒಂದರ ಹಿಂದೊಂದು ಉಚ್ಚರಿಸಿದರೆ ಪಾಲಿನ ಹೆಸರು ಬರುತ್ತದೆ, ಆದರೆ ಆ ಹೆಸರು ಹಾಳೆಯ ನೆತ್ತಿಯ ಮೇಲೇ ದಪ್ಪಕ್ಷರದಲ್ಲಿದೆ! ಮೇಲ್ಭಾಗ ಮಡಚಿ ಕೊಟ್ಟರೂ, ಉತ್ತರ ಸಿಕ್ಕ ಮೇಲೆ ಪಾಲಿನ ಒಳಗಿನ ಒಂದು ಸಂಗತಿಯೂ ಮಗುವಿಗೆ ದಕ್ಕುವುದಿಲ್ಲ.

"ತಪ್ಪು ಹುಡುಕಿ" ಹಾಗಲ್ಲ. ತಪ್ಪು ಹೌದೋ ಅಲ್ಲವೋ ಎಂದು ತೀರ್ಮಾನಿಸಲು ವಚನ ತೆರೆಯಲೇಬೇಕು. ಅಚ್ಚರಿಯೆಂದರೆ ಈ ಚಿತ್ರಗಳು ಅತ್ಯುತ್ತಮವಾಗಿರುವುದು ಎಲ್ಲರೂ ಹೆದರುವ ತೆರುಮಾ, ತೆತ್ಸಾವೆ ಪಾಲುಗಳಲ್ಲಿ. ಬರೀ ಮೊಳದ ಲೆಕ್ಕ, ಪರದೆ, ಕೊಂಡಿ, ಹಲಗೆ ಎಂದು ಮಕ್ಕಳು ಆಕಳಿಸುವ ಪಾಲುಗಳು ಇವೇ. ತೆರುಮಾ ಚಿತ್ರದಲ್ಲಿ ಮೆನೋರಾ ಎಂಬ ದೀಪಸ್ತಂಭಕ್ಕೆ ಒಂಬತ್ತು ದೀಪ ಬರೆದಿದ್ದಾರೆ. ಹನುಕ್ಕಾ ಹಬ್ಬದಲ್ಲಿ ಮನೆಯಲ್ಲಿ ಎಂಟು ದೀಪ, ಜೊತೆಗೆ ಹಚ್ಚುವ ದೀಪವೊಂದನ್ನು ನೋಡಿ ಪಳಗಿದ ಕಣ್ಣಿಗೆ ಅದು ತಪ್ಪೆಂದೇ ಕಾಣುವುದಿಲ್ಲ. ಮರುಭೂಮಿಯ ಆರಾಧನಾ ಗುಡಾರದ ಮೆನೋರಾದಲ್ಲಿ ನಡುದಂಡಿನ ಎರಡು ಬದಿಗೆ ಮೂರು ಮೂರು ಕೊಂಬೆ, ಒಟ್ಟು ಏಳು ದೀಪ. ಆಜ್ಞೆಗಳ ಶಿಲಾಶಾಸನ ಇಡುವ ಮಂಜೂಷದ ಹೊರುವ ಕೋಲುಗಳನ್ನು ಕಳಚಿ ಗೋಡೆಗೆ ಒರಗಿಸಿದ್ದಾರೆ. ವಿಮೋಚನಕಾಂಡ 25:15 ಅವನ್ನು ತೆಗೆಯಲೇಬಾರದು ಅನ್ನುತ್ತದೆ. ಅದರ ಮುಚ್ಚಳದ ಮೇಲಿನ ರೆಕ್ಕೆಯುಳ್ಳ ಕೆರೂಬಿಗಳು ಬೆನ್ನು ತಿರುಗಿಸಿ ನಿಂತಿವೆ, ಮುಖಾಮುಖಿಯಾಗಿರಬೇಕು. ಮಂಜೂಷ ಚೌಕಾಕಾರವಾಗಿದೆ, ಉದ್ದ ಎರಡೂವರೆ ಮೊಳ, ಅಗಲ ಒಂದೂವರೆ. ಈ ಕೊನೆಯದನ್ನು ಹಿಡಿಯಲು ಮಕ್ಕಳು ಮೊಣಕೈಯಿಂದ ಬೆರಳ ತುದಿಯವರೆಗೆ ಮೇಜನ್ನು ಅಳೆಯತೊಡಗುತ್ತಾರೆ. ಮೊಳದ ಲೆಕ್ಕ ಇದಕ್ಕಿಂತ ಚೆನ್ನಾಗಿ ತಲೆಗೆ ಹೋಗುವ ದಾರಿ ಬೇರೆ ಸಿಗಲಿಕ್ಕಿಲ್ಲ.

ತೆತ್ಸಾವೆಯದ್ದನ್ನು ಮಾತ್ರ ಬಣ್ಣದಲ್ಲೇ ಮುದ್ರಿಸಬೇಕು. ಮಹಾಯಾಜಕನ ನಿಲುವಂಗಿ ಪೂರಾ ನೀಲಿ ಇರಬೇಕಾದದ್ದು ಚಿತ್ರದಲ್ಲಿ ಹಸಿರಾಗಿದೆ, ಕಪ್ಪು-ಬಿಳುಪು ಪ್ರಿಂಟರಿನಲ್ಲಿ ಎರಡೂ ಒಂದೇ ಬೂದು. ಉಳಿದ ವಾರಗಳಿಗೆ ಬಣ್ಣದ ಶಾಯಿ ಸುರಿಯುವುದು ದಂಡ. ಶ್ಮಿನಿ ಪಾಲಿನ ಒಂಟೆ, ಬೆಟ್ಟದ ಮೊಲ, ಮೊಲ, ಹಂದಿಗಳ ಸಾಲಿಗೂ ಕಪ್ಪು-ಬಿಳುಪು ಸಾಕು: ಬೇರೆಯದು ಯಾವುದು? ಹಂದಿ, ಏಕೆಂದರೆ ವಚನದ ಪ್ರಕಾರ ಮೊದಲ ಮೂರು ಮೆಲುಕು ಹಾಕುತ್ತವೆ ಆದರೆ ಗೊರಸು ಸೀಳಿಲ್ಲ, ಹಂದಿಗೆ ಗೊರಸು ಸೀಳಿದೆ ಆದರೆ ಮೆಲುಕಿಲ್ಲ. ಯಾಜಕಕಾಂಡದ 11ನೇ ಅಧ್ಯಾಯದ ನಾಲ್ಕು ವಚನ ಒಂದೇ ಪ್ರಶ್ನೆಯಲ್ಲಿ ಮುಗಿಯಿತು.

ಇಷ್ಟು ಚೆನ್ನಾಗಿ ಚಿತ್ರ ಬರೆಯುವವರು ಉತ್ತರದ ಪುಟವನ್ನು ಯಾರ ಕೈಗೆ ಕೊಟ್ಟರೋ! ವಚನದಲ್ಲಿ ಇರುವುದನ್ನೂ ಮಿದ್ರಾಶ್ ಸೇರಿಸಿದ್ದನ್ನೂ ಅಲ್ಲಿ ಒಟ್ಟಿಗೆ ಕಲಸಿಟ್ಟಿದ್ದಾರೆ. "ಅಬ್ರಹಾಮನು ತಂದೆಯ ವಿಗ್ರಹಗಳನ್ನು ಒಡೆದದ್ದು ಯಾವ ಪಾಲಿನಲ್ಲಿ?" ಹಾಳೆಯ ಉತ್ತರ, ಲೇಖ್ ಲೇಖಾ. ನಿಜವಾದ ಉತ್ತರ, ಯಾವುದರಲ್ಲೂ ಇಲ್ಲ. ಆ ಕಥೆ ಇರುವುದು ಬೆರೆಶೀತ್ ರಬ್ಬಾ ಎಂಬ ಮಿದ್ರಾಶ್‌ನಲ್ಲಿ. ಏದೆನ್ ತೋಟದ ಚಿತ್ರದಲ್ಲಿ ಸೇಬು ನೇತಾಡುತ್ತಿದೆ. ಆದಿಕಾಂಡ 3ರಲ್ಲಿ ಹಣ್ಣಿನ ಹೆಸರೇ ಇಲ್ಲ, ತಾಲ್ಮುದ್ (ರಬ್ಬಿಗಳ ಚರ್ಚೆಗಳ ಗ್ರಂಥ) ಎಣಿಸುವುದು ದ್ರಾಕ್ಷಿ, ಅಂಜೂರ, ಗೋಧಿಯನ್ನು. ನೋಹನ ನಾವೆಗೆ ಎಲ್ಲ ಪ್ರಾಣಿಗಳೂ ಜೋಡಿ ಜೋಡಿಯಾಗಿ ಹತ್ತುತ್ತವೆ, ಶುದ್ಧ ಪಶುಗಳು ಏಳೇಳು ಎಂದು 7:2 ಹೇಳುತ್ತಿದ್ದರೂ ಅದನ್ನು ತಪ್ಪುಗಳ ಪಟ್ಟಿಗೆ ಸೇರಿಸಿಲ್ಲ. ಶೆಲಾಖ್‌ನಲ್ಲಿ ಇಬ್ಬರು ಗೂಢಚಾರರು ದ್ರಾಕ್ಷಿಗೊಂಚಲು ಹೊರುವುದನ್ನು ತಪ್ಪೆಂದು ಗುರುತಿಸಿ ಎಂಟು ಮಂದಿ ಅನ್ನುತ್ತಾರೆ. ಎಂಟು ತಾಲ್ಮುದಿನ ಲೆಕ್ಕ, ಅರಣ್ಯಕಾಂಡ 13:23ರಲ್ಲಿರುವುದು ಇಬ್ಬರೇ. ಮಿದ್ರಾಶ್ ಕಲಿಸಬಾರದೆಂದಲ್ಲ. ವಚನವನ್ನೇ ನೋಡಿ ಉತ್ತರ ಹೇಳಿದ ಮಗುವಿಗೆ "ತಪ್ಪು" ಎಂದು ಹೇಳುವ ಹಾಳೆ ವಚನ ನೋಡುವ ಅಭ್ಯಾಸವನ್ನೇ ಕೆಡಿಸುತ್ತದೆ.

ದಾರಿ ಇಲ್ಲದಿಲ್ಲ. ಗುರುವಾರ ಮುದ್ರಿಸಿದ ಕೂಡಲೇ ಪ್ರತಿ ಉತ್ತರದ ಪಕ್ಕ ಪೆನ್ಸಿಲಿನಲ್ಲಿ "ವ" ಅಥವಾ "ಮಿ" ಬರೆಯಿರಿ. ಕಾಲು ಗಂಟೆಯ ಕೆಲಸ. "ಮಿ" ಬಿದ್ದವುಗಳನ್ನು ಕೊನೆಗಿಟ್ಟು, "ಇದು ಪಾಲಿನಲ್ಲಿ ಇದೆಯೋ ಇಲ್ಲವೋ" ಎಂದು ಕೇಳಿ. ಹಾಳೆಯವರು ಬರೆಯದ ಎಂಟನೇ ಒಗಟು ಅದು, ದೊಡ್ಡವರೂ ಅಲ್ಲೇ ಎಡವುವುದು. ತೆತ್ಸಾವೆ ಚಿತ್ರದಲ್ಲಿ ಯಾಜಕನ ಕಾಲಿಗೆ ಚಪ್ಪಲಿ ಇದೆ. ತಪ್ಪೇ? "ಚಪ್ಪಲಿ ಹಾಕಬಾರದು" ಎಂಬ ವಚನ ಅಲ್ಲಿಲ್ಲ, ಆದರೆ ಎಣಿಸಿದ ಎಂಟು ಉಡುಪುಗಳಲ್ಲಿ ಪಾದರಕ್ಷೆ ಇಲ್ಲ. ಮೇಜಿನ ಸುತ್ತ ಇದಕ್ಕಿಂತ ಒಳ್ಳೆಯ ಜಗಳ ಬೇಕೆ?

ಕನ್ನಡ ಬೈಬಲ್ ಇಟ್ಟುಕೊಂಡು ಉತ್ತರ ಸರಿನೋಡುವವರಿಗೆ, ಅದರಲ್ಲೂ ಇಸ್ರೇಲಿನ ಮನೆಗಳಲ್ಲಿ ಆರೈಕೆಯ ಕೆಲಸದಲ್ಲಿರುವ ನಮ್ಮ ಕರಾವಳಿಯವರಿಗೆ ಒಂದು ಎಚ್ಚರಿಕೆ. ಕೆಲವು ಕಡೆ ವಚನದ ಸಂಖ್ಯೆ ಹೊಂದುವುದಿಲ್ಲ. ಆರೋನನ ಕೋಲು ಚಿಗುರಿದ್ದು ಹೀಬ್ರೂ ಪ್ರತಿಯಲ್ಲಿ ಅರಣ್ಯಕಾಂಡ 17:23, ನಮ್ಮದರಲ್ಲಿ 17:8. ಹಾಳೆ ತಪ್ಪೆಂದು ಆತುರಪಡಬೇಡಿ. ಇನ್ನೊಂದು: ಮನೆಯ ಮಕ್ಕಳು "ನೀವು ಯೆಹೂದಿ ಅಲ್ಲವಲ್ಲ, ಆಂಟಿ, ನೀವೇ ಉತ್ತರ ಬರೆದುಕೊಡಿ" ಎಂದರೆ ಒಪ್ಪಬೇಡಿ. ತಮಗಾಗಿ ಬೇರೆಯವರ ಕೈಲಿ ಆ ಕೆಲಸ ಮಾಡಿಸುವುದಕ್ಕೂ ಶಬ್ಬಾತ್‌ನಲ್ಲಿ ನಿರ್ಬಂಧವಿದೆ. ದ್ರಾಕ್ಷಿ ಇಡುವುದಕ್ಕೆ ಅಡ್ಡಿಯಿಲ್ಲ.

ಪಂಚಾಂಗದ ಎಡವಟ್ಟು ಬೇರೆ. ಚಂದಾ ಕಟ್ಟುವಾಗ "ಇಸ್ರೇಲ್" ಅಥವಾ "ಹೊರದೇಶ" ಎಂದು ಆಯ್ದುಕೊಳ್ಳುವ ಅವಕಾಶವೇ ಇಲ್ಲ, ಬರುವುದೆಲ್ಲ ಹೊರದೇಶದ ಕ್ರಮ. 2023ರಲ್ಲಿ ಶಾವುಓತ್ ಹಬ್ಬದ ಎರಡನೇ ದಿನ ಶಬ್ಬಾತ್‌ಗೆ ಬಿದ್ದಿತ್ತು. ಹಬ್ಬದ ದಿನ ವಾರದ ಪಾಲು ಓದುವುದಿಲ್ಲ. ಇಸ್ರೇಲಿನಲ್ಲಿ ಆ ಹಬ್ಬ ಒಂದೇ ದಿನ, ಆದ್ದರಿಂದ ಅಲ್ಲಿ ಮೇ 27ಕ್ಕೆ ನಾಸೋ ಪಾಲು ಓದಿದರು, ಹೊರಗಿನವರು ಜೂನ್ 3ಕ್ಕೆ. ಹೊರಗಿನವರು ಖುಕ್ಕತ್, ಬಾಲಾಕ್ ಪಾಲುಗಳೆರಡನ್ನೂ ಕೂಡಿಸಿ ಓದಿದ ಜುಲೈ 1ರವರೆಗೆ ಈ ಅಂತರ ಇತ್ತು. 2026ರ ಪಂಚಾಂಗದಲ್ಲೂ ಹೀಗೇ ಇದೆ. ಇಂಥ ವರ್ಷ ಇಸ್ರೇಲಿನಲ್ಲಿರುವವರಿಗೆ ಬರುವ ಹಾಳೆ ಒಂದು ವಾರ ಹಳಸಲು. ಹಿಂದಿನ ವರ್ಷದ ಪ್ರತಿಗಳನ್ನು ಪಾಲಿನ ಹೆಸರಿನಲ್ಲಿ ಫೈಲ್ ಮಾಡಿಟ್ಟುಕೊಂಡರೆ ಬಚಾವು, ದಿನಾಂಕದ ಹೆಸರಿನಲ್ಲಿ ಇಟ್ಟರೆ ಹುಡುಕಾಟ.

ಸೊರಗುವ ವಾರಗಳೂ ಇವೆ. ಮಿಶ್ಪಾತೀಮ್‌ನಲ್ಲಿ ಕಾನೂನು ಹೆಚ್ಚು, ಕೊಂಬಿನಿಂದ ತಿವಿದ ಹೋರಿಯ ಚಿತ್ರ ಬಿಟ್ಟರೆ ಬೇರೇನೂ ಇಲ್ಲ. ತಜ್ರೀಯಾ-ಮೆತ್ಸೋರಾದಲ್ಲಿ ಚರ್ಮರೋಗದ ಚಿತ್ರ ಬಿಡಿಸುವ ಸಂಕೋಚಕ್ಕೆ ಎರಡು ಹಕ್ಕಿ, ದೇವದಾರು ಕಟ್ಟಿಗೆ, ಕೆಂಪು ನೂಲು ಬರೆದು ಕೈತೊಳೆದುಕೊಂಡಿದ್ದಾರೆ. ಧರ್ಮೋಪದೇಶಕಾಂಡ ಬಹುಪಾಲು ಮೋಶೆಯ ಭಾಷಣವಾದ್ದರಿಂದ ಅಲ್ಲಿ ಚಿತ್ರ ಒಗಟು ಇನ್ನೂ ತೆಳ್ಳಗಾಗುತ್ತದೆ. ಏಕೆವ್ ಒಂದು ಬೇರೆ: 8:8ರ ಗೋಧಿ, ಜವೆ, ದ್ರಾಕ್ಷಿ, ಅಂಜೂರ, ದಾಳಿಂಬೆ, ಎಣ್ಣೆಮರ (ಆಲಿವ್), ಜೇನು. ಹಾಳೆಯಲ್ಲಿ ಜೇನಿನ ಜಾಗಕ್ಕೆ ಜೇನುಹುಳು ಬರೆದಿದ್ದಾರೆ, ಪರಂಪರೆ ಹೇಳುವುದು ಖರ್ಜೂರದ ಪಾಕ. ಆ ವಾರ ಹಾಳೆ ಬದಿಗಿಟ್ಟು ಏಳನ್ನೂ ತಟ್ಟೆಯಲ್ಲೇ ಇಟ್ಟು, ಒಂದನ್ನು ಅಡಗಿಸಿ, ಯಾವುದು ಕಾಣೆಯಾಗಿದೆ ಎಂದು ಕೇಳಿ.