‘70 ಲೀಟರ್’ ರಕ್‌ಸ್ಯಾಕ್ ತಗೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಆನ್‌ಲೈನಿನಲ್ಲಿ ಸಾವಿರ, ಸಾವಿರದ ಇನ್ನೂರಕ್ಕೆಲ್ಲ ಸಿಗುವ ‘70 ಲೀಟರ್ ಟ್ರೆಕ್ಕಿಂಗ್ ರಕ್‌ಸ್ಯಾಕ್’ಗಳನ್ನು ಬೆಟ್ಟ ಹತ್ತಲು ಅಂತ ಮಾತ್ರ ತಗೊಳ್ಳಬೇಡಿ. ಬಟ್ಟೆ ತುಂಬಿಕೊಂಡು ಬಸ್ಸಿನಲ್ಲಿ ಊರಿಗೆ ಹೋಗಿಬರಲು ಪರವಾಗಿಲ್ಲ, ಡಿಕ್ಕಿಗೆ ಹಾಕಿದರೆ ಮುಗೀತು. ಬೆನ್ನಿಗೆ ಹಾಕಿಕೊಂಡು ದಿನವಿಡೀ ನಡೆಯುವ ಕೆಲಸಕ್ಕೆ ಅವು ಆಗಿಬರುವುದಿಲ್ಲ. ನನಗೆ ಇದು ಗೊತ್ತಾಗಿದ್ದು ಕುಮಾರ ಪರ್ವತದ ಕಾಡಿನ ಮಧ್ಯೆ.

ಕುಮಾರ ಪರ್ವತಕ್ಕೆ ಹೋದವರಿಗೆ ಆ ದಾರಿ ಗೊತ್ತೇ ಇರುತ್ತದೆ. ತುದಿ 1712 ಮೀಟರ್ ಎತ್ತರದಲ್ಲಿದೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟರೆ ಶುರುವಿನಲ್ಲೇ ದಟ್ಟ ಕಾಡು, ಮರದ ಬೇರುಗಳೇ ಮೆಟ್ಟಿಲು, ಒಂದೇ ಸಮನೆ ಏರು. ಭೀಮನ ಬಂಡೆ ದಾಟಿ ಗಿರಿಗದ್ದೆಯ ಭಟ್ರ ಮನೆ ಸೇರುವ ತನಕ ಸಮತಟ್ಟು ಜಾಗ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಆಮೇಲೆ ಅರಣ್ಯ ಇಲಾಖೆ ಚೆಕ್‌ಪೋಸ್ಟು, ಅಲ್ಲಿಂದ ಮುಂದೆ ನೆರಳೇ ಇಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಶೇಷ ಪರ್ವತ. ಬ್ಯಾಗು ಸರಿಯಿಲ್ಲದಿದ್ದರೆ ಇದನ್ನೆಲ್ಲ ನೋಡುವ ಮನಸ್ಸೂ ಇರುವುದಿಲ್ಲ ಬಿಡಿ.

ನನ್ನ ಬ್ಯಾಗಿನಲ್ಲಿ ಇದ್ದದ್ದು ಒಂಬತ್ತು ಕೆಜಿ ಹತ್ತಿರ. ನೀರು, ಸ್ಲೀಪಿಂಗ್ ಬ್ಯಾಗು, ಬಟ್ಟೆ, ಚಪಾತಿ, ಒಂದಿಷ್ಟು ಹಣ್ಣು. 70 ಲೀಟರಿನ ಬ್ಯಾಗಿಗೆ ಇದೇನೂ ಜಾಸ್ತಿ ಅಲ್ಲ, ಅಲ್ವಾ? ಭೀಮನ ಬಂಡೆ ದಾಟಿ ಸ್ವಲ್ಪ ದೂರ ಹೋಗಿದ್ದೆವು ಅಷ್ಟೆ. ಕೂತು ಎದ್ದು ಬ್ಯಾಗು ಹೆಗಲಿಗೆ ಏರಿಸುವಾಗ ಎಡಗಡೆ ಪಟ್ಟಿ ಮೇಲಿನ ಜೋಡಣೆಯಿಂದ ಪರ್ ಅಂತ ಕಿತ್ತು ಬಂತು. ಹೊಲಿಗೆ ಬಿಟ್ಟಿದ್ದಷ್ಟೇ ಆಗಿದ್ದರೆ ಸೂಜಿ ದಾರದಲ್ಲಿ ಏನೋ ಮಾಡಬಹುದಿತ್ತು, ಬೆನ್ನಿನ ಬಟ್ಟೆಯೂ ಜೊತೆಗೆ ಹರಿದಿತ್ತು. ಗೆಳೆಯನ ಸೊಂಟದ ಬೆಲ್ಟು ಬಿಚ್ಚಿಸಿ ಹೇಗೋ ಕಟ್ಟಿದೆವು. ಅದು ಜಾರುತ್ತಾ, ಕತ್ತಿನ ಬುಡಕ್ಕೆ ಕೊರೆಯುತ್ತಾ, ಭಟ್ರ ಮನೆ ತಲುಪುವ ಹೊತ್ತಿಗೆ ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ. ಅಲ್ಲಿ ಬಿಸಿ ಅನ್ನ ಸಾಂಬಾರು ತಿಂದು ಜೀವ ಬಂತು, ಯಾರೋ ಪುಣ್ಯಾತ್ಮರು ಒಂದು ಹಗ್ಗವನ್ನೂ ಕೊಟ್ಟರು. ಬೆಟ್ಟದ ತುದಿಗೆ ನಾನು ಹೋಗಲಿಲ್ಲ. ಉಳಿದವರು ಹೋಗಿ ಬಂದರು.

ಇಳಿಯುವಾಗ ಮಳೆ. ‘ವಾಟರ್‌ಪ್ರೂಫ್’ ಅಂತ ಬರೆದಿದ್ದ ಬ್ಯಾಗಿನ ಒಳಗೆ ಚೈನಿನ ಸಂದಿನಿಂದ, ಹೊಲಿಗೆಯ ತೂತುಗಳಿಂದ ನೀರು ಇಳಿದು ಸ್ಲೀಪಿಂಗ್ ಬ್ಯಾಗು ತೊಪ್ಪೆ ಆಯಿತು. ರೇನ್ ಕವರ್ ಕೊಟ್ಟಿದ್ದರು, ನಿಜ. ಖಾಲಿ ಬ್ಯಾಗಿಗೆ ಅದು ಸರಿ ಹೊಂದುತ್ತದೆ, ಸಾಮಾನು ತುಂಬಿದರೆ ಕೆಳಗಿನ ಕಾಲು ಭಾಗ ಹೊರಗೇ!

ಊರಿಗೆ ಬಂದ ಮೇಲೆ ಲೀಟರಿನ ಲೆಕ್ಕ ನೋಡೋಣ ಅಂತ ಕೂತೆ. ಇದು ನೀವೂ ಮಾಡಬಹುದು, ಎರಡು ನಿಮಿಷದ ಕೆಲಸ. ಉದ್ದ, ಅಗಲ, ದಪ್ಪ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. ನನ್ನ ಬ್ಯಾಗು 55, 32, 22. ಗುಣಿಸಿದರೆ 38,720, ಅಂದರೆ 39 ಲೀಟರೂ ಇಲ್ಲ. ಹೊರಗಿನ ಸಣ್ಣ ಜೇಬುಗಳಿಗೆ ಐದಾರು ಲೀಟರ್ ಉದಾರವಾಗಿ ಕೊಟ್ಟರೂ 45 ದಾಟುವುದಿಲ್ಲ. ತಮಾಷೆ ಏನೆಂದರೆ ಈ ಅಳತೆ ಮಾರುವವರ ಪುಟದಲ್ಲೇ ಇತ್ತು. ಹೆಸರಿನಲ್ಲಿ ದಪ್ಪ ಅಕ್ಷರದಲ್ಲಿ 70 ಲೀಟರ್, ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ 55×32×22. ನಿಜವಾದ 70 ಲೀಟರಿನ ಬ್ಯಾಗು ಇನ್ನೂ ತುಂಬಾ ದೊಡ್ಡದು, ಹಾಕಿಕೊಂಡರೆ ತಲೆಯ ಮಟ್ಟಕ್ಕೆ ಬರುತ್ತದೆ. ನಮ್ಮ ಪಶ್ಚಿಮ ಘಟ್ಟದ ಎರಡು ದಿನದ ನಡಿಗೆಗೆ ಅದು ಬೇಕಾಗಿಯೂ ಇಲ್ಲ, 40 ಧಾರಾಳ ಸಾಕು. ಬೆಳಿಗ್ಗೆ ಹೋಗಿ ಸಂಜೆ ಬರುವುದಾದರೆ 20ರಿಂದ 30. ಹಿಮಾಲಯಕ್ಕೆ ಹೋಗಿ ನಿಮ್ಮ ಸಾಮಾನು ನೀವೇ ಹೊರುವುದಾದರೆ 50ರಿಂದ 60.

ರಿಪೇರಿ ಆಗುತ್ತಾ ನೋಡೋಣ ಅಂತ ನಮ್ಮ ಏರಿಯಾದ ಬ್ಯಾಗ್ ರಿಪೇರಿಯವರ ಹತ್ತಿರ ಹೋದೆ. ಅವರು ಬ್ಯಾಗನ್ನು ಒಳಹೊರಗು ಮಾಡಿ ನೋಡಿ ನಕ್ಕರು. "ನೋಡಿ ಸಾರ್, ಪಟ್ಟೀನ ಬರೀ ಅರ್ಧ ಬೆರಳು ಒಳಗೆ ತೂರಿಸಿ ಒಂದೇ ಹೊಲಿಗೆ ಹೊಡೆದವ್ರೆ. ಎಳೆದ್ರೆ ಬಟ್ಟೆ ಸಮೇತ ಬಂದ್ಬಿಡ್ತದೆ." ಆಮೇಲೆ ಅಲ್ಲೇ ರಿಪೇರಿಗೆ ಬಂದಿದ್ದ ಬೇರೆ ಯಾರದೋ ಹಳೇ ಬ್ಯಾಗು ತೆಗೆದು ತೋರಿಸಿದರು. ಅದರಲ್ಲಿ ಪಟ್ಟಿಯ ತುದಿ ಉದ್ದಕ್ಕೆ ಒಳಗೆ ಹೋಗಿತ್ತು, ಅದರ ಮೇಲೆ ಚೌಕ ಹೊಲಿದು ಚೌಕದೊಳಗೆ ಅಡ್ಡ ಗೀಟು ಹಾಕಿದ ಹಾಗೆ ಎರಡು ಹೊಲಿಗೆ, ಹಿಂದೆ ಇನ್ನೊಂದು ದಪ್ಪ ಬಟ್ಟೆಯ ತುಂಡು. ಕಿತ್ತುಹೋಗುವ ಜಾಗ ಇದೊಂದೇ ಸಾರ್, ಅಂಗಡೀಲಿ ಜನ ಜೇಬು ಎಣಿಸ್ತಾ ನಿಂತ್ಕೊಂತಾರೆ ಅಂದರು. ರನ್ನರ್ ಬಗ್ಗೆಯೂ ಒಂದು ವಿಷಯ ಹೇಳಿದರು. ಚೈನಿನ ರನ್ನರ್ ಹಿಂದೆ 5, 8, 10 ಅಂತ ನಂಬರ್ ಇರುತ್ತದಂತೆ, ಮನೆಗೆ ಬಂದು ನೋಡಿದರೆ ನಿಜವೇ. ದೊಡ್ಡ ಬ್ಯಾಗಿನ ಮುಖ್ಯ ಚೈನಿಗೆ 8 ಅಥವಾ 10 ಇರಬೇಕು. ನನ್ನದರಲ್ಲಿ 5.

ಇನ್ನು ಸೊಂಟದ ಪಟ್ಟಿ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ಮೋಸ ಜಾಸ್ತಿ ನಡೆಯುವುದು ಇಲ್ಲೇ. ಒಳ್ಳೆಯ ರಕ್‌ಸ್ಯಾಕಿನಲ್ಲಿ ಭಾರದ ಹೆಚ್ಚಿನ ಪಾಲು ಕೂರುವುದು ಸೊಂಟದ ಮೂಳೆಯ ಮೇಲೆ, ಹೆಗಲ ಮೇಲಲ್ಲ. ಹೆಗಲ ಪಟ್ಟಿಗಳ ಕೆಲಸ ಬ್ಯಾಗು ಹಿಂದಕ್ಕೆ ವಾಲದ ಹಾಗೆ ಹಿಡಿದುಕೊಳ್ಳುವುದು ಅಷ್ಟೆ. ಭಾರ ಸೊಂಟಕ್ಕೆ ಇಳಿಯಬೇಕಾದರೆ ಬೆನ್ನಿನ ಒಳಗೆ ಗಟ್ಟಿಯಾದ ಹಾಳೆಯೋ ಅಲ್ಯೂಮಿನಿಯಂ ಪಟ್ಟಿಯೋ ಇರಬೇಕು. ಅಗ್ಗದ ಬ್ಯಾಗುಗಳಲ್ಲಿ ಇರುವುದು ಬರೀ ಸ್ಪಂಜು. ಖಾಲಿ ಬ್ಯಾಗನ್ನು ಮೇಲಿಂದ ಒತ್ತಿ ನೋಡಿ. ಬೆನ್ನಿನ ಭಾಗ ಮಡಚಿಕೊಂಡು ಕುಸಿದರೆ ಒಳಗೆ ಏನೂ ಇಲ್ಲ ಅಂತಲೇ ಅರ್ಥ. ಹಾಗೆ ಕುಸಿಯುವ ಬ್ಯಾಗಿಗೆ ಎಂಥ ಸೊಂಟದ ಪಟ್ಟಿ ಕೊಟ್ಟರೂ ಅದು ಸುಮ್ನೆ ಅಲಂಕಾರ. ನನ್ನದರಲ್ಲಂತೂ ಎರಡು ತೆಳು ನೈಲಾನ್ ಪಟ್ಟಿ, ಮಧ್ಯೆ ಒಂದು ಬಕಲ್. ಹಾಕಿಕೊಂಡರೆ ಹೊಟ್ಟೆ ಮೇಲೆ ಕೂರುತ್ತಿತ್ತು.

ಹೊಟ್ಟೆ ಮೇಲೆ ಕೂರಲು ಇನ್ನೊಂದು ಕಾರಣ ಬೆನ್ನಿನ ಉದ್ದ. ಬ್ಯಾಗು ನಿಮ್ಮ ಎತ್ತರಕ್ಕಲ್ಲ, ಬೆನ್ನಿನ ಉದ್ದಕ್ಕೆ ಹೊಂದಬೇಕು. ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಕೈಗೆ ಸಿಗುವ ಉಬ್ಬು ಮೂಳೆ ಇದೆಯಲ್ಲ, ಅಲ್ಲಿಂದ ಸೊಂಟದ ಎರಡೂ ಬದಿಯ ಮೂಳೆಯ ಮೇಲ್ತುದಿಯ ಮಟ್ಟದವರೆಗೆ ಯಾರಾದರೂ ಟೇಪಿನಲ್ಲಿ ಅಳೆದುಕೊಡಲಿ. ಆರಡಿ ಎತ್ತರದವರ ಬೆನ್ನು ಗಿಡ್ಡ ಇರಬಹುದು, ಐದಡಿಯವರದು ಉದ್ದ ಇರಬಹುದು. ಒಳ್ಳೆಯ ಕಂಪನಿಗಳು ಈ ಅಳತೆ ಕೊಟ್ಟಿರುತ್ತವೆ, ಅಥವಾ ಬೆನ್ನಿನಲ್ಲಿ ಮೇಲೆ ಕೆಳಗೆ ಸರಿಸುವ ವ್ಯವಸ್ಥೆ ಇರುತ್ತದೆ. ಎರಡೂ ಇಲ್ಲ ಅಂದರೆ ಮುಂದಕ್ಕೆ ಹೋಗಿ.

ವಾಪಸ್ ಕೊಡುವ ಕಥೆ ಕೇಳಿ. ಬ್ಯಾಗು ಬಂದ ಮೇಲೆ ಟ್ರೆಕ್ಕಿಗೆ ಹೋಗುವಷ್ಟರಲ್ಲಿ ವಾಪಸ್ ತಗೊಳ್ಳುವ ಅವಧಿ ಮುಗಿದಿತ್ತು. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಬಳಸಿದ ವಸ್ತು ಸಾರ್, ಆಗುವುದಿಲ್ಲ ಅಂದರು. ಬ್ಯಾಗು ಬಳಸದೆ ಅದರ ಪಟ್ಟಿ ಕೀಳುತ್ತದೆ ಅಂತ ತಿಳಿಯುವುದು ಹೇಗೆ ಅಂತ ಕೇಳಿದೆ, ಫೋನ್ ಇಟ್ಟರು. ಮತ್ತೆ ಮತ್ತೆ ಮಾಡಿದ ಮೇಲೆ ಒಂದು ಡಿಸ್ಕೌಂಟ್ ಕೂಪನ್ ಕಳಿಸಿದರು, ಅವರದೇ ಇನ್ನೊಂದು ಬ್ಯಾಗು ತಗೊಳ್ಳಲು! ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಕಂಪನಿಗಳು ದೂರು ನೋಡಿಕೊಳ್ಳುವ ಅಧಿಕಾರಿಯ ಹೆಸರು ಮತ್ತು ವಿವರವನ್ನು ತಮ್ಮ ಪುಟದಲ್ಲಿ ಹಾಕಿರಬೇಕು, 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಈ ಮಾತನ್ನು ಮೇಲ್‌ನಲ್ಲಿ ಬರೆದ ಮೇಲೆಯೇ ಕೂಪನ್ ಬಿಟ್ಟು ಬೇರೆ ಮಾತು ಶುರುವಾದದ್ದು. ಹಣ ಇನ್ನೂ ಬಂದಿಲ್ಲ.

ಆದ್ದರಿಂದ ಆನ್‌ಲೈನಿನಲ್ಲೇ ತಗೊಳ್ಳುವುದಾದರೆ ಬ್ಯಾಗು ಬಂದ ದಿನವೇ ಪರೀಕ್ಷೆ ಮಾಡಿ. ಪಾರ್ಸಲ್ ಬಿಚ್ಚುವಾಗ ವಿಡಿಯೋ ಇರಲಿ, ಟ್ಯಾಗು ಕತ್ತರಿಸಬೇಡಿ. ಐದು ಕೆಜಿಯ ಎರಡು ಅಕ್ಕಿ ಪ್ಯಾಕೆಟ್ ಒಳಗಿಟ್ಟು, ಸುತ್ತ ಬೆಡ್‌ಶೀಟ್ ತುರುಕಿ, ಮನೆಯ ಮೆಟ್ಟಿಲು ಅರ್ಧ ಗಂಟೆ ಹತ್ತಿ ಇಳಿಯಿರಿ. ಮನೆಯವರು ನಗಲಿ. ಸೊಂಟದ ಪಟ್ಟಿ ಬಿಗಿದಾಗ ಹೆಗಲು ಹಗುರ ಆಗಲೇಬೇಕು, ಆಗದಿದ್ದರೆ ಅವತ್ತೇ ವಾಪಸ್ ಮಾಡಿ. ಇನ್ನು ರಿವ್ಯೂಗಳಲ್ಲಿ ಐದು ಸ್ಟಾರಿನವು ಎಲ್ಲಾ ಡೆಲಿವರಿ ಆದ ದಿನ ಬರೆದವು, ‘ಕಲರ್ ಸೂಪರ್’ ಅಂತ. ಎರಡು ಮೂರು ಸ್ಟಾರ್ ಕೊಟ್ಟವರು ಬಳಸಿ ಬರೆದಿರುತ್ತಾರೆ, ಅವನ್ನು ಓದಿ.

ಮಳೆಗೆ ನನಗೆ ಈಗ ಯಾವ ಬ್ಯಾಗಿನ ಮೇಲೂ ನಂಬಿಕೆ ಇಲ್ಲ. ಒಳಗೆ ಒಂದು ಡ್ರೈ ಬ್ಯಾಗು, ಅಂದರೆ ನೀರು ಒಳಗಿಳಿಯದ ಚೀಲ, ಇಟ್ಟು ಬಟ್ಟೆಯೆಲ್ಲ ಅದರಲ್ಲಿ ಹಾಕುತ್ತೇನೆ. ಪ್ಲಾಸ್ಟಿಕ್ ಕವರು ಕೂಡ ಕೆಲಸ ಮಾಡುತ್ತದೆ, ಆದರೆ ಚೆಕ್‌ಪೋಸ್ಟುಗಳಲ್ಲಿ ಪ್ಲಾಸ್ಟಿಕ್ ಹುಡುಕುತ್ತಾರೆ, ಅಲ್ಲಿ ವಾದ ಮಾಡುತ್ತಾ ಯಾರು ನಿಲ್ಲುತ್ತಾರೆ?

ಮಕ್ಕಳ ಸ್ಕೂಲ್ ಬ್ಯಾಗಿನಲ್ಲೂ ಇದೇ ಆಟ ನಡೆಯುತ್ತಿದೆ. ಅಕ್ಕನ ಮಗಳಿಗೆ ‘ಆರ್ಥೋ’ (ಬೆನ್ನಿಗೆ ಒಳ್ಳೆಯದು ಅನ್ನುವ ಅರ್ಥದಲ್ಲಿ) ಅಂತ ಹೆಸರಿಟ್ಟ ಬ್ಯಾಗು ತಂದಿದ್ದರು, ಖಾಲಿ ಬ್ಯಾಗೇ ಒಂದು ಕೆಜಿ ಹತ್ತಿರ ತೂಗುತ್ತದೆ. ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಒಂದು, ಎರಡನೇ ತರಗತಿಗೆ ಪುಸ್ತಕ ಸೇರಿ ಒಂದೂವರೆಯಿಂದ ಎರಡು ಕೆಜಿ ಅಂತ ಇದೆ. ಬ್ಯಾಗೇ ಅರ್ಧ ತಿಂದರೆ ಪುಸ್ತಕ, ಡಬ್ಬಿ, ನೀರಿನ ಬಾಟಲಿ ಎಲ್ಲಿಗೆ ಹೋಗಬೇಕು? ಹಾಗಾಗಿ ಸ್ಕೂಲ್ ಬ್ಯಾಗು ತಗೊಳ್ಳುವಾಗ ಮೊದಲು ಖಾಲಿ ಬ್ಯಾಗನ್ನೇ ತೂಗಿಸಿ, ತೂಗಿಸಿ ಕೊಡಿ ಅಂದರೆ ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಟ್ರಾಲಿ ಥರ ಚಕ್ರ ಇರುವುದು ಬೇಡ, ಮೆಟ್ಟಿಲಲ್ಲಿ ಮಕ್ಕಳು ಎಡವುತ್ತಾರೆ.

ಮೊದಲ ಸಲ ಟ್ರೆಕ್ಕಿಗೆ ಹೋಗುವವರು ಕೊಳ್ಳುವ ಗೋಜಿಗೇ ಹೋಗಬೇಡಿ ಅಂತ ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ರಕ್‌ಸ್ಯಾಕ್ ಬಾಡಿಗೆಗೆ ಕೊಡುವವರು ಇದ್ದಾರೆ, ಒಳ್ಳೆಯ ಬ್ಯಾಗು ಬೆನ್ನ ಮೇಲೆ ಹೇಗಿರುತ್ತದೆ ಅಂತ ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ. ತಗೊಳ್ಳುವಾಗ ಅವರ ಎದುರೇ ಎಲ್ಲಾ ಬಕಲ್ ಹಾಕಿ ತೆಗೆದು, ಎಲ್ಲಾ ಚೈನು ಎಳೆದು ನೋಡಿ. ಮುರಿದದ್ದು ಹರಿದದ್ದು ಏನಿದ್ದರೂ ಫೋಟೋ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ವಾಪಸ್ ಕೊಡುವಾಗ ಡೆಪಾಸಿಟ್ಟಿನಲ್ಲಿ ಹಿಡಿದುಕೊಳ್ಳುತ್ತಾರೆ.