ಮಾವಿಗೆ ಬೇವಿನೆಣ್ಣೆ: ಗಾಣದ್ದೋ, ಅಂಗಡಿ ಬಾಟಲಿಯದ್ದೋ?

ಶ್ರೀನಿವಾಸಪುರದ ಕಡೆ ಮಾವು ಬೆಳೆಯುವವರಿಗೆ ಜಿಗಿಹುಳುವಿನ ಕಾಟ ಹೊಸದಲ್ಲ. ಬೇವಿನೆಣ್ಣೆ ಹೊಡೆಯೋಣ ಅಂದರೆ ಪಂಪಿನ ನಾಜಲ್ (ಸಿಂಪಡಿಸುವ ಮೂತಿ) ಕಟ್ಟಿಕೊಳ್ಳುವುದೇ ದೊಡ್ಡ ತಲೆನೋವು, ಅಲ್ವಾ?

ಗಾಣದ ಎಣ್ಣೆ ಅಗ್ಗ, ಆದರೆ ಕೆಲಸ ಜಾಸ್ತಿ. ನೀರಿಗೆ ಸುಮ್ನೆ ಸುರಿದರೆ ಮೇಲೆ ತೇಲುತ್ತದೆ, ಎಲೆ ಸುಡುತ್ತದೆ. ಚಳಿಗಾಲದ ಬೆಳಿಗ್ಗೆ ಗಟ್ಟಿಯಾಗಿರುತ್ತದೆ, ಹಾಗಾಗಿ ಡಬ್ಬವನ್ನು ಬಿಸಿನೀರಲ್ಲಿಟ್ಟು ಕರಗಿಸಿ. ಲೀಟರ್ ನೀರಿಗೆ 5 ಮಿಲಿ ಎಣ್ಣೆ ಲೆಕ್ಕ. ಮೊದಲು ಎಣ್ಣೆಗೆ ಸೋಪಿನ ದ್ರಾವಣ ಸೇರಿಸಿ, ಸ್ವಲ್ಪ ಉಗುರುಬೆಚ್ಚಗಿನ ನೀರಲ್ಲಿ ಹಾಲಿನಂತೆ ಬೆಳ್ಳಗಾಗುವವರೆಗೆ ಕಲಸಿ, ಆಮೇಲೆ ಟ್ಯಾಂಕಿಗೆ ಸೋಸಿ ಹಾಕಿ. ನಮ್ಮ ಬೋರ್‌ವೆಲ್ ನೀರು ಗಡಸು, ಅದಕ್ಕೆ ಬಾರ್ ಸೋಪು ಹಾಕಿದರೆ ಗಸಿ ಕಟ್ಟುತ್ತದೆ, ಫಿಲ್ಟರಲ್ಲಿ ಕೂರುವುದು ಅದೇ. ಕೃಷಿ ಹೊಂಡದ ಮಳೆನೀರಿದ್ದರೆ ಬಟ್ಟೆಯಲ್ಲಿ ಸೋಸಿ ಅದನ್ನೇ ಬಳಸಿ.

ಅಂಗಡಿಯ ಅಜಾಡಿರಾಕ್ಟಿನ್ (ಬೇವಿನಲ್ಲಿರುವ, ಹುಳು ತಡೆಯುವ ಅಂಶ) ಬಾಟಲಿಯಲ್ಲಿ ಎಣ್ಣೆ ನೀರಿಗೆ ಬೆರೆಯುವ ವಸ್ತು ಆಗಲೇ ಇರುತ್ತದೆ. ದುಬಾರಿ, ನಿಜ. ಆದರೆ ಪಿಪಿಎಂ (ಆ ಅಂಶ ಹತ್ತು ಲಕ್ಷ ಭಾಗದಲ್ಲಿ ಎಷ್ಟಿದೆ ಅನ್ನುವ ಲೆಕ್ಕ) ನೋಡಿ, ಲೇಬಲ್‌ನಲ್ಲಿರುವ ಅಳತೆಯಲ್ಲಿ ಹಾಕಿದರೆ ಮುಗಿಯಿತು.

ಬೇವಿನ ಬೀಜದ ಕಷಾಯವೂ ಇದೆ: 5 ಕೆಜಿ ಬೀಜದ ಪುಡಿ ನೆನೆಸಿ, ಸೋಸಿ, 100 ಲೀಟರ್ ಮಾಡಬೇಕು. ಸೋಸುವ ತಾಳ್ಮೆ ಇಲ್ಲದಿದ್ದರೆ ಆ ತಂಟೆಗೇ ಹೋಗಬೇಡಿ.

ಬೆನ್ನಿನ ಪಂಪ್, ನಾಲ್ಕಾರು ಮರ ಅಂದರೆ ಗಾಣದ ಎಣ್ಣೆ ಸಾಕು. ಎಕರೆಗಟ್ಟಲೆ ತೋಟ, ಪವರ್ ಸ್ಪ್ರೇಯರ್, ಕೂಲಿಯಾಳು ಇದ್ದರೆ ನಾನಂತೂ ಬಾಟಲಿಯನ್ನೇ ಹೇಳುತ್ತೇನೆ. ನಾಜಲ್ ಬಿಚ್ಚುತ್ತಾ ಕೂತರೂ ಕೂಲಿ ಓಡುತ್ತಲೇ ಇರುತ್ತದೆ. ಯಾವುದಾದರೂ ಸರಿ, ಕಲಸಿದ್ದನ್ನು ಅವತ್ತೇ ಸಂಜೆ ಹೊಡೆದು, ಪಂಪಿಗೆ ಸೋಪುನೀರು ಓಡಿಸಿ ತೊಳೆದಿಡಿ.